ಲಕ್ಕುಂಡಿ, ಡಂಬಳ, ಮಾಗಡಿ: ಒಂದೇ ದಿನ ಇದ್ದರೆ ಯಾವ ಊರು?

ಬೆಳಿಗ್ಗೆ ಹುಬ್ಬಳ್ಳಿ ಬಿಟ್ಟು ಕತ್ತಲಾಗುವುದರೊಳಗೆ ಮನೆ ಸೇರಬೇಕು. ಬಸ್ಸಿನಲ್ಲೇ ಹೋಗಬೇಕು. ಊರು ನಡೆದು ಸುತ್ತುವಷ್ಟು ಸಣ್ಣದಿರಬೇಕು. ಹೋದ ಚಳಿಗಾಲದಲ್ಲಿ ನಾನು ಹಾಕಿಕೊಂಡ ಷರತ್ತು ಇವು ಮೂರೇ. ಗದಗ ಜಿಲ್ಲೆಯ ಮೂರು ಊರಿಗೆ ಒಬ್ಬಳೇ ಹೋಗಿ ಬಂದೆ. ಲಕ್ಕುಂಡಿಗೆ ಎರಡು ಸಲ, ಮಾಗಡಿಗೆ ಎರಡು ಸಲ, ಡಂಬಳಕ್ಕೆ ಮೂರು ಸಲ. ನನ್ನ ಮನಸ್ಸು ಯಾವ ಕಡೆ ವಾಲಿದೆ ಅಂತ ಈ ಲೆಕ್ಕದಲ್ಲೇ ಗೊತ್ತಾಗುತ್ತದೆ. ಆದರೆ ನಿಮಗೆ ಬೇಕಾದದ್ದು ಬೇರೆ ಇರಬಹುದು. ಅದಕ್ಕೇ ಮೂರನ್ನೂ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ಮಾಗಡಿ ಅಂದಕೂಡಲೇ ಬೆಂಗಳೂರು ಹತ್ತಿರದ ಕೆಂಪೇಗೌಡರ ಮಾಗಡಿ ಅಂದುಕೊಳ್ಳಬೇಡಿ. ಇದು ಶಿರಹಟ್ಟಿ ತಾಲೂಕಿನ ಮಾಗಡಿ, ದೊಡ್ಡ ಕೆರೆಯ ಊರು.

ಮೊದಲು ದಾರಿಯ ಮಾತು. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಕ್ಕೆ ಹೆಚ್ಚುಕಡಿಮೆ 60 ಕಿಲೋಮೀಟರ್. ಅಲ್ಲಿಂದ ಕೊಪ್ಪಳದ ರಸ್ತೆ ಹಿಡಿದರೆ 12 ಕಿಲೋಮೀಟರಿಗೆ ಲಕ್ಕುಂಡಿ. ಮುಂಡರಗಿ ರಸ್ತೆಯಲ್ಲಿ 20 ಕಿಲೋಮೀಟರ್ ದಾಟಿದ ಮೇಲೆ ಡಂಬಳ. ಮಾಗಡಿ ಗದಗದಿಂದ ಸುಮಾರು 26 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 11. ಹುಬ್ಬಳ್ಳಿಯವರಿಗೆ ಲಕ್ಷ್ಮೇಶ್ವರದ ದಾರಿಯೇ ಅನುಕೂಲ. ಬಸ್ಸಿನ ವಿಷಯದಲ್ಲಿ ಲಕ್ಕುಂಡಿಯನ್ನು ಮೀರಿಸುವ ಊರಿಲ್ಲ. ಹೆದ್ದಾರಿ ಮೇಲೇ ಇದೆ, ಒಂದು ತಪ್ಪಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಬರುತ್ತದೆ. ಡಂಬಳದಲ್ಲಿ ಕಾಯಬೇಕು, ಮಾಗಡಿಯಲ್ಲಿ ಇನ್ನೂ ಜಾಸ್ತಿ ಕಾಯಬೇಕು. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಏಳು ಸಲ ಹೋಗಿ ಬರುವ ಧೈರ್ಯ ನನಗೆ ಬಂದದ್ದೇ ಅದರಿಂದ. ಆಧಾರ್ ಕಾರ್ಡ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಲಕ್ಕುಂಡಿಗೆ ಬರೋಣ. ಕಲ್ಲಿನ ಕೆಲಸ ನೋಡಬೇಕು ಅನ್ನುವವರಿಗೆ ಈ ಮೂರರಲ್ಲಿ ಎರಡನೇ ಮಾತೇ ಬೇಡ, ಲಕ್ಕುಂಡಿಗೇ ಹೋಗಿ. 101 ಗುಡಿ, 101 ಬಾವಿ ಅಂತ ಊರವರು ಹೇಳುತ್ತಾರೆ. ಅಷ್ಟೂ ನೋಡಿದೆ ಅಂತ ನಾನು ಹೇಳಲಾರೆ. ಆದರೆ ಯಾವ ಓಣಿಗೆ ಹೊಕ್ಕರೂ ಒಂದು ಗುಡಿ ಎದುರಾಗುತ್ತದೆ ಅನ್ನುವುದು ನಿಜ. ಗುಡಿಯ ಗೋಡೆಗೆ ಒರಗಿ ಮನೆ. ಮನೆಯ ಕಟ್ಟೆಯಲ್ಲಿ ಕೆತ್ತನೆಯ ಕಲ್ಲು. ಅದರ ಮೇಲೆ ಒಣಗಲು ಇಟ್ಟ ಮೆಣಸಿನಕಾಯಿ. ಶಾಸನಗಳಲ್ಲಿ ಈ ಊರು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇದ್ದ ಊರು. ಆಮೇಲೆ ಹೊಯ್ಸಳರ ವೀರಬಲ್ಲಾಳ ಇಲ್ಲಿ ನೆಲೆ ನಿಂತಿದ್ದ.

ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಮುಂದೆ ನಾನು ಅರ್ಧ ಗಂಟೆ ಕೂತಿದ್ದೆ. ಇಲ್ಲಿ ಶಿವನ ಗುಡಿ ಮತ್ತು ಸೂರ್ಯನ ಗುಡಿ ಒಂದೇ ಜಗಲಿ ಮೇಲೆ ಎದುರುಬದುರಾಗಿ ನಿಂತಿವೆ. ಬಾಗಿಲವಾಡದಲ್ಲಿ ಕೆತ್ತನೆಯ ಪಟ್ಟಿಗಳು ಒಂದರ ಪಕ್ಕ ಒಂದು. ಒಂದರಲ್ಲಿ ಬಳ್ಳಿ, ಇನ್ನೊಂದರಲ್ಲಿ ಉಗುರಿನಷ್ಟು ಸಣ್ಣ ಹೂವು. ಬಳ್ಳಿಯ ಹಿಂದಿನ ಕಲ್ಲನ್ನೂ ತೆಗೆದಿದ್ದಾರೆ, ಹಾಗಾಗಿ ಬಳ್ಳಿಯ ನೆರಳು ಒಳಗೆ ಬೀಳುತ್ತದೆ. ಬಾದಾಮಿ, ಪಟ್ಟದಕಲ್ಲಿನ ಕಡೆ ಇದ್ದದ್ದು ಮರಳುಗಲ್ಲು. ಇಲ್ಲಿನವರು ಹಿಡಿದದ್ದು ನಯವಾದ ಬಳಪದ ಜಾತಿಯ ಕಲ್ಲು. ಉಳಿ ಅಷ್ಟು ಸಣ್ಣ ಕೆಲಸಕ್ಕೆ ಇಳಿದದ್ದು ಅದರಿಂದ. ಕಂಬಗಳು ಚರಕಿಯಲ್ಲಿ ತಿರುಗಿಸಿ ಕಡೆದ ಹಾಗೆ ಗುಂಡಗೆ, ಅಂಗೈಗೆ ತಣ್ಣಗೆ ಹತ್ತುತ್ತವೆ.

ಅಲ್ಲಿಂದ ನಡೆದು ಹೋಗುವಷ್ಟೇ ದೂರದಲ್ಲಿ ಬ್ರಹ್ಮ ಜಿನಾಲಯ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ರನ್ನನಿಗೆ ಆಸರೆಯಾದವಳು ಇವಳೇ. ಪೊನ್ನನ ಕಾವ್ಯದ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದಳು ಅಂತ ಶಾಲೆಯಲ್ಲಿ ಓದಿದ್ದೆ. ಆಗ ಅದು ಸುಮ್ನೆ ಪರೀಕ್ಷೆಯ ಒಂದು ಸಾಲು. ಆ ಜಗಲಿ ಮೇಲೆ ಕೂತಾಗ, ಸಾವಿರ ಸಲ ಒಂದು ಪುಸ್ತಕವನ್ನು ಕೈಯಲ್ಲಿ ಬರೆಸಲು ಎಷ್ಟು ತಾಳೆಗರಿ, ಎಷ್ಟು ಜನ, ಎಷ್ಟು ದಿನ ಬೇಕಾಗಿರಬೇಕು ಅಂತ ಮೊದಲ ಸಲ ಯೋಚನೆ ಬಂತು. ಆ ಒಂದು ತಾಸಿಗಾಗಿಯೇ ಎರಡನೇ ಸಲ ಹೋದೆ. ಮಾಣಿಕೇಶ್ವರ ಗುಡಿ ಪಕ್ಕದ ಮುಸುಕಿನ ಬಾವಿಯನ್ನೂ ಬಿಡಬೇಡಿ. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ. ಗೋಡೆಯಲ್ಲಿ ಗೊಂಬೆ ಗುಡಿಗಳಂಥ ಸಣ್ಣ ಗೂಡುಗಳಿವೆ.

ಆದರೆ ಊರಿನ ಜನರ ಜೊತೆ ಕೂತು ಮಾತಾಡುವುದು ಲಕ್ಕುಂಡಿಯಲ್ಲಿ ಕಷ್ಟವಾಯಿತು. ಜನ ಒಳ್ಳೆಯವರೇ. ಏನೇ ಕೇಳಿ, ಎದ್ದು ಬಂದು ಹೇಳುತ್ತಾರೆ. ನಾನು ಒಬ್ಬ ಕಾಕಾರನ್ನು "ಈ ವರ್ಷ ಕಡ್ಲಿ ಹೆಂಗದಾವ್ರಿ?" ಅಂತ ಕೇಳಿದೆ. "ಚಲೋ ಅದಾವ್ರೀ. ನೀವು ಹಿಂಗ ಸೀದಾ ಹೋಗ್ರಿ, ಬಲಕ್ಕ ಹೊಳ್ರಿ, ಇನ್ನೊಂದ ಗುಡಿ ಬರತೈತಿ" ಅಂದರು. ಹೊರಗಿನಿಂದ ಬಂದವರು ಗುಡಿಗೇ ಬಂದಿರುತ್ತಾರೆ ಅನ್ನುವುದು ಅವರ ಇಷ್ಟು ವರ್ಷದ ಅನುಭವ. ನಾಲ್ಕು ಕಡೆ ನಿಂತು ಮಾತಾಡಿಸಿದೆ, ನಾಲ್ಕು ಸಲವೂ ಮುಂದಿನ ಗುಡಿಯ ದಾರಿ ಸಿಕ್ಕಿತು. ಕಲ್ಲು ನೋಡಲು ಹೋದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ನನಗೆ ಮಾತ್ರ ಹೊಲದ ಸುದ್ದಿಯೂ ಬೇಕಾಗಿತ್ತು.

ಮಾಗಡಿ ಪೂರ್ತಿ ಬೇರೆ. ಗುಡಿಗಾಗಿ ಅಲ್ಲ, ಹಕ್ಕಿಗಾಗಿ ಹೋಗುವ ಊರು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಈ ಕೆರೆಗೆ ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟಿ, ಅದೇ ಗುರುತು. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಅಂದರೆ ಜಗತ್ತೇ ಕಾಪಾಡಬೇಕಾದ ಕೆರೆ ಅಂತ ಲೆಕ್ಕ.

ಮೊದಲ ಸಲ ನಾನು ನಸುಕಿನಲ್ಲೇ ಹೊರಟು ಎಂಟರೊಳಗೆ ಕೆರೆ ದಂಡೆಯಲ್ಲಿದ್ದೆ. ಹಕ್ಕಿ ನೋಡುವುದು ಅಂದರೆ ಬೆಳಗಿನ ಜಾವ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ನೀರು ಹೆಚ್ಚುಕಡಿಮೆ ಖಾಲಿ. ಅಲ್ಲೊಂದು ಇಲ್ಲೊಂದು ಬೆಳ್ಳಕ್ಕಿ. ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಅಣ್ಣ ನನ್ನ ಮುಖ ನೋಡಿ, "ಹೊಲಕ್ಕ ಹೋಗ್ಯಾವ್ರೀ ಅಕ್ಕಾರ. ಹತ್ತು ಹೊಡೀಲಿ, ಬರತಾವ" ಅಂದ. ಇವು ಮೀನು ಹಿಡಿಯುವ ಹಕ್ಕಿಗಳಲ್ಲ. ಹೊಟ್ಟೆ ತುಂಬಿಸಿಕೊಳ್ಳುವುದು ಸುತ್ತಲಿನ ಹೊಲಗಳ ಕಾಳಿನಲ್ಲಿ, ಕೆರೆ ಬರೀ ವಿಶ್ರಾಂತಿಗೆ. ಹತ್ತರ ಸುಮಾರಿಗೆ ಮೊದಲು ಸದ್ದು ಬಂತು, ದೂರದಲ್ಲಿ ಯಾರೋ ತುತ್ತೂರಿ ಅಭ್ಯಾಸ ಮಾಡಿದ ಹಾಗೆ. ಆಮೇಲೆ ಸಾಲು. ಒಂದರ ಹಿಂದೆ ಒಂದು ಸಾಲು. ನೀರಿಗೆ ಇಳಿಯುವ ಮುಂಚೆ ಕಾಲು ಮುಂದಕ್ಕೆ ಚಾಚಿ, ರೆಕ್ಕೆ ಹಿಂದಕ್ಕೆ ಹಿಡಿದು, ನೀರನ್ನು ಸೀಳಿಕೊಂಡು ಕೂರುತ್ತಿದ್ದವು. ಅರ್ಧ ಗಂಟೆಯಲ್ಲಿ ಕೆರೆ ತುಂಬಿತು. ಅಂಥ ಅರ್ಧ ಗಂಟೆ ಮಿಕ್ಕ ಎರಡು ಊರಲ್ಲಿ ಸಿಗಲಿಲ್ಲ, ಅದನ್ನು ಒಪ್ಪಲೇಬೇಕು.

ಆದರೆ ಅದು ಮುಗಿದ ಮೇಲೆ? ಹೊತ್ತೇರಿದ ಹಾಗೆ ಹಕ್ಕಿಗಳು ತಲೆ ರೆಕ್ಕೆಯೊಳಗೆ ಇಟ್ಟು ನಿದ್ದೆ ಹೋದವು. ನನ್ನ ಹತ್ತಿರ ಉಳಿದ ದಿನವೆಲ್ಲ ಇತ್ತು. ಎರಡನೇ ಸಲ ಹೊತ್ತು ನೋಡಿಕೊಂಡು ಹೋಗಿ, ದುರ್ಬೀನು ಒಯ್ದು, ಬುತ್ತಿ ಕಟ್ಟಿಕೊಂಡು ಹೋದೆ. ಮಧ್ಯಾಹ್ನ ಒಂದೂವರೆಗೆ ನೋಡುವುದು ಮುಗಿದಿತ್ತು. ನವೆಂಬರಿನಿಂದ ಫೆಬ್ರವರಿ ಬಿಟ್ಟರೆ ಬೇರೆ ತಿಂಗಳಲ್ಲಿ ಮಾಗಡಿಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಅರ್ಧ ದಿನ ಮಾಗಡಿ, ಅರ್ಧ ದಿನ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಹೀಗೆ ಜೋಡಿ ಮಾಡಿದರೆ ದಿನ ತುಂಬುತ್ತದೆ.

ಇನ್ನು ಡಂಬಳ. ಲಕ್ಕುಂಡಿಯ ಪಕ್ಕ ಇಟ್ಟರೆ ಇಲ್ಲಿ ಗುಡಿಗಳು ಕಡಿಮೆ. ಆದರೆ ದೊಡ್ಡಬಸಪ್ಪನ ಗುಡಿಯಂಥದ್ದು ಲಕ್ಕುಂಡಿಯಲ್ಲೂ ಇಲ್ಲ. ಇದರ ಗರ್ಭಗುಡಿಯ ತಳ 24 ಮೂಲೆಗಳ ನಕ್ಷತ್ರ. ಆ ಮೂಲೆಗಳು ನೆಲದಿಂದ ಶಿಖರದವರೆಗೆ ಹಾಗೇ ಏರುತ್ತವೆ, ಗಿರಣಿಯ ಹಲ್ಲುಚಕ್ರವನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಿದ ಹಾಗೆ. ಗೋಡೆಗೆ ಕೈ ಹಚ್ಚಿ ಸುತ್ತು ಹಾಕಿ ಎಣಿಸಿದೆ. ಮಂಟಪಕ್ಕೆ ಕೂಡಿಕೊಂಡ ಕಡೆ ಕೆಲವು ಮೂಲೆ ಮುಚ್ಚಿಹೋಗಿವೆ, ಹೊರಗಿನಿಂದ ಅಷ್ಟೂ ಸಿಗುವುದಿಲ್ಲ. ಬೆಳಗಿನ ಬಿಸಿಲಿನಲ್ಲಿ ಒಂದು ಮೂಲೆ ಬೆಳಕು, ಪಕ್ಕದ್ದು ನೆರಳು. ಮಧ್ಯಾಹ್ನ ಹನ್ನೆರಡಕ್ಕೆ ಆ ಆಟ ಇರುವುದಿಲ್ಲ, ಆದ್ದರಿಂದ ಮೊದಲು ಗುಡಿ, ಆಮೇಲೆ ಊರು.

ಡಂಬಳದ ಹಳೆಯ ಹೆಸರು ಧರ್ಮವೊಳಲು. ಬೌದ್ಧರ ತಾರಾದೇವಿಗೆ ಇಲ್ಲಿ ಗುಡಿ ಇತ್ತು, 1095ರ ಶಾಸನ ಅದನ್ನು ಹೇಳುತ್ತದೆ. ಬೌದ್ಧರು, ಶೈವರು, ಆಮೇಲೆ ತೋಂಟದಾರ್ಯ ಮಠ, ಎಲ್ಲರಿಗೂ ಜಾಗ ಕೊಟ್ಟ ಊರು.

ಮೊದಲ ದಿನ ಗುಡಿ ನೋಡಿ ಓಣಿಯೊಳಗೆ ಬರುತ್ತಿದ್ದೆ. ಕಟ್ಟೆ ಮೇಲೆ ಕೂತಿದ್ದ ಒಬ್ಬ ಆಯಿ ಕರೆದಳು.

"ಯಾವೂರವ್ವಾ? ಒಬ್ಬಾಕೀನ ಬಂದೀಯೇನು?"

"ಹುಬ್ಬಳ್ಳಿರೀ ಆಯಿ. ಗುಡಿ ನೋಡಾಕ ಬಂದಿದ್ದೆ. ಸೋಮೇಶ್ವರ ಗುಡಿ ಯಾವ ಕಡೆ ಬರತೈತ್ರಿ?"

"ಗುಡಿ ಎಲ್ಲಿ ಓಡಿ ಹೋಗತೈತಿ? ಬಾ, ಕುಂದರ ಬಾ."

ಲಕ್ಕುಂಡಿಯಲ್ಲಿ ನಾನು ಊರಿನ ಬಗ್ಗೆ ಕೇಳಿದರೆ ಗುಡಿಯ ದಾರಿ ತೋರಿಸಿದರು. ಇಲ್ಲಿ ಗುಡಿಯ ದಾರಿ ಕೇಳಿದರೆ ಕೂರಿಸಿಕೊಂಡರು. ನನಗೆ ಎರಡು ಊರಿನ ಫರಕು ಇಷ್ಟೇ, ಮತ್ತು ಇದೇ ದೊಡ್ಡದು. ನಮ್ಮ ಮನೆಯಲ್ಲಿ ಯಾರ್ಯಾರು, ಎಷ್ಟು ಹೊಲ, ಅವ್ವ ಯಾವೂರಾಕಿ, ಎಲ್ಲ ವಿಚಾರಣೆ ಆಯಿತು. ಅಷ್ಟರಲ್ಲಿ ಸೊಸೆ ಒಳಗೆ ಒಲೆ ಹಚ್ಚಿದ್ದಳು.

ಆ ಅಡುಗೆಮನೆಯನ್ನು ನಾನು ಮರೆಯಲಾರೆ. ಹಿಟ್ಟು ನಾದುವ ಕೊಣಮಿಗೆಯಲ್ಲಿ ಜೋಳದ ಹಿಟ್ಟು, ನಡುವೆ ಕುದಿಯುವ ನೀರು. ನಾದಿ ನಾದಿ ಒಂದು ಮುದ್ದೆ ತೆಗೆದು ಬಡಿಯತೊಡಗಿದಳು. ಬಡಿಯುವ ಕೈಯೇ ರೊಟ್ಟಿಯನ್ನು ತಿರುಗಿಸುತ್ತದೆ, ಬೇರೆ ಕೈ ಬೇಕಿಲ್ಲ. ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿದಳು. ಮೇಲಿನ ನೀರು ಆರುವುದಕ್ಕೂ ಅಂಚು ಎದ್ದು ನಿಲ್ಲುವುದಕ್ಕೂ ಸರಿಹೋಯಿತು, ತಿರುವಿ ಹಾಕಿದಳು. ಉಬ್ಬಿತು. ಎಣ್ಣೆಗಾಯಿ ಬದನೆಕಾಯಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ಲಕ್ಕುಂಡಿಯಲ್ಲಿ ಹೆದ್ದಾರಿ ಬದಿಯ ಮಿರ್ಚಿ, ಗಿರ್ಮಿಟ್ಟು, ಚಹಾ ಚೆನ್ನಾಗಿದ್ದವು. ಮಾಗಡಿಯಲ್ಲಿ ನನ್ನದೇ ಬುತ್ತಿ. ಊಟದ ಹೋಲಿಕೆಯನ್ನು ಇಲ್ಲಿಗೇ ಬಿಡುತ್ತೇನೆ.

ದುಡ್ಡು ಕೊಡಲು ಹೋದದ್ದು ನನ್ನ ತಪ್ಪು. ಆಯಿಯ ಮುಖ ಸಣ್ಣದಾಯಿತು. ನೀವೂ ಯಾರದಾದರೂ ಮನೆಯಲ್ಲಿ ಉಂಡರೆ ಪರ್ಸು ತೆಗೆಯಬೇಡಿ. ಎರಡನೇ ಸಲ ಹೋಗುವಾಗ ಧಾರವಾಡ ಪೇಢೆ ಒಯ್ದೆ. ಅದನ್ನು ಓಣಿಗೆಲ್ಲ ಹಂಚಿಸಿದಳು, ನಾಲ್ಕು ಮನೆಯ ಪರಿಚಯ ಆಯಿತು.

ಡಂಬಳದ ಕೊರತೆಯನ್ನೂ ಹೇಳಬೇಕು. ಒಂದು ಸಂಜೆ ಬಸ್ಸಿಗೆ ಒಂದೂವರೆ ತಾಸು ನಿಂತಿದ್ದೇನೆ, ಕತ್ತಲಾದ ಮೇಲೆ ಮನೆ ಮುಟ್ಟಿದ್ದೇನೆ. ಮೊದಲ ಸಲ ಒಂಟಿಯಾಗಿ ಹೊರಡುವ ಹೆಣ್ಣುಮಕ್ಕಳಿಗೆ ನಾನು ಲಕ್ಕುಂಡಿಯನ್ನೇ ಹೇಳುತ್ತೇನೆ, ಯಾವ ಹೊತ್ತಿಗಾದರೂ ಹಿಂತಿರುಗಬಹುದು. ಮೂರೂ ಊರಿಗೆ ಅನ್ವಯಿಸುವ ಇನ್ನೊಂದು ಮಾತು: ಹೊರಡುವ ಮುಂಚೆ ಗದಗ ಅಥವಾ ಲಕ್ಷ್ಮೇಶ್ವರ ಬಸ್ ನಿಲ್ದಾಣದಲ್ಲೇ ಶೌಚಾಲಯಕ್ಕೆ ಹೋಗಿಬಿಡಿ. ಮುಂದೆ ಬೀಗ ಇರಬಹುದು, ನೀರು ಇಲ್ಲದಿರಬಹುದು. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿಯಬೇಡಿ. ಎರೆ ಮಣ್ಣು ಚಪ್ಪಲಿಗೆ ಮೆತ್ತಿಕೊಂಡರೆ ಹತ್ತು ಹೆಜ್ಜೆಗೆ ಕಾಲು ಎತ್ತುವುದು ಕಷ್ಟ.

ಮೂರನೇ ಸಲ ಹೋದಾಗ ಮಧ್ಯಾಹ್ನದ ಮೇಲೆ ಡಂಬಳದ ಕೆರೆ ಏರಿಗೆ ನಡೆದೆ. ಪಶ್ಚಿಮಕ್ಕೆ ಕಪ್ಪತಗುಡ್ಡದ ಸಾಲು, ಅದರ ನೆತ್ತಿಯಲ್ಲಿ ಗಾಳಿಯಂತ್ರಗಳು. ಔಷಧಿ ಗಿಡಗಳಿಗೆ ಹೆಸರಾದ ಈ ಗುಡ್ಡವನ್ನು 2019ರಲ್ಲಿ ವನ್ಯಜೀವಿ ಧಾಮ ಮಾಡಿದರು. ಕೆಳಗೆ ಬಿಳಿಜೋಳ ತೆನೆ ಹಿಡಿದಿತ್ತು. ಹಕ್ಕಿ ಕಾಯುವ ಹುಡುಗ ಕವಣಿ ಬೀಸುತ್ತಿದ್ದ.

ವಾಪಸ್ಸು ಬಂದಾಗ ಆಯಿಯ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಓಣಿ ತುದಿಗೇ ಕೇಳುತ್ತಿತ್ತು. ತೋಂಟದಾರ್ಯ ಮಠದ ಜಾತ್ರೆ ಹತ್ತಿರ ಬಂದಿತ್ತು. ಡಂಬಳದ ರೊಟ್ಟಿ ಜಾತ್ರೆ ಅಂದರೆ ಜಾತಿ ಮತ ನೋಡದೆ ಎಲ್ಲರೂ ಸಾಲಾಗಿ ಕೂತು ರೊಟ್ಟಿ ಪಲ್ಯ ಉಣ್ಣುವ ಜಾತ್ರೆ. ಮನೆಮನೆಯಿಂದ ರೊಟ್ಟಿ ಹೋಗುತ್ತದೆ. ನಾಲ್ಕು ಜನ ಹೆಂಗಸರು ಕೂತಿದ್ದರು. ನನ್ನನ್ನೂ ಕೂರಿಸಿ, ಬೆಂದ ರೊಟ್ಟಿಯನ್ನು ಹಂಚಿನ ಮೇಲೆ ಬಟ್ಟೆಯಿಂದ ಒತ್ತಿ ಖಟಕ್ ಮಾಡುವ ಕೆಲಸ ಕೊಟ್ಟರು. ಪಸೆ ಪೂರ್ತಿ ಹೋಗಬೇಕು, ಸುಡಬಾರದು. ಬುಟ್ಟಿಯಲ್ಲಿ ಬಿಳಿ ಬಟ್ಟೆ ಹಾಸಿ ಒಂದರ ಮೇಲೊಂದು ಪೇರಿಸಿದೆವು. ಬಸ್ಸಿನ ಹೊತ್ತಾಯಿತು ಅಂತ ಎದ್ದಾಗ ಆಯಿ ಐದು ರೊಟ್ಟಿ ಪೇಪರಿನಲ್ಲಿ ಸುತ್ತಿ ಕೊಟ್ಟಳು, "ಅವ್ವಗ ಕೊಡು" ಅಂತ. ಬಸ್ಸಿನಲ್ಲಿ ಚೀಲವನ್ನು ತೊಡೆ ಮೇಲಿಂದ ಕೆಳಗಿಡಲಿಲ್ಲ. ಮನೆಗೆ ಬಂದು ಬಿಚ್ಚಿದರೆ ಒಂದೂ ಮುರಿದಿರಲಿಲ್ಲ.