ಅಮ್ಮನ ಕೋಣೆಯ ಮೂರು ಕುರ್ಚಿಗಳು

ಉಡುಪಿಯ ವೃದ್ಧಾಶ್ರಮದಲ್ಲಿರುವ ಅಮ್ಮನ ಕೋಣೆಗೆ ಒಂದೇ ವರ್ಷದಲ್ಲಿ ಮೂರು ಕುರ್ಚಿಗಳನ್ನು ತಂದಿಟ್ಟೆ. ಅವಳಿಗೆ ಈಗ 82, ಎರಡೂ ಮಂಡಿಗಳಲ್ಲಿ ನೋವು.

ಮೊದಲು ಒಯ್ದದ್ದು ಮನೆಯ ಚಾವಡಿಯಲ್ಲಿದ್ದ ಅಪ್ಪನ ಈಸಿಚೇರ್. ಮನೆಯದೊಂದು ವಸ್ತು ಕಣ್ಣೆದುರಿಗಿರಲಿ ಎಂಬ ಆಸೆ. ಅಮ್ಮನಿಗೂ ಖುಷಿಯಾಯಿತು. ಆದರೆ ಜೋಲುವ ಆ ಬಟ್ಟೆಯೊಳಗೆ ಕುಳಿತವಳನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ಹತ್ತು ದಿನ ಬಿಟ್ಟು ಹೋದಾಗ, ಬೆಳಗ್ಗೆ ತುಂಬಿಸಿಟ್ಟ ಚೊಂಬು ಸಂಜೆಯೂ ತುಂಬಿಯೇ ಇತ್ತು. ಕೇಳಿದ್ದಕ್ಕೆ, “ನೀರು ಕುಡಿದರೆ ಏಳಬೇಕಲ್ಲ, ಆ ಹುಡುಗಿಯರನ್ನು ಎಷ್ಟು ಸಲ ಕರೆಯುವುದು?” ಎಂದಳು. ಅಂದೇ ಅದನ್ನು ವಾಪಸು ಒಯ್ದೆ.

ಎರಡನೆಯದು ರೆಕ್ಸಿನ್ ಹೊದಿಕೆಯ ಒಂಟಿ ಸೋಫಾ. ಅಂಗಡಿಯಲ್ಲಿ ಕುಳಿತು ನೋಡಿ ಒಪ್ಪಿದವನು ನಾನು. ನನ್ನ ಮಂಡಿಯ ಲೆಕ್ಕ ಅಮ್ಮನಿಗೆ ಹೊಂದಲಿಲ್ಲ. ಆಸನದ ಎತ್ತರ 38 ಸೆಂಟಿಮೀಟರ್, ಕುಳಿತರೆ ಇನ್ನೂ ಕುಸಿಯುತ್ತದೆ. ಸೊಂಟ ಮಂಡಿಗಿಂತ ಕೆಳಗಾದರೆ ಏಳುವ ಭಾರವೆಲ್ಲ ಮಂಡಿಯ ಮೇಲೆಯೇ. ಅಡಿಭಾಗ ಮುಚ್ಚಿದ್ದರಿಂದ ಪಾದವನ್ನು ಹಿಂದೆ ಸರಿಸಲೂ ಜಾಗವಿಲ್ಲ. ಮೇ ತಿಂಗಳ ಸೆಕೆಗೆ ಬೆನ್ನು ಅಂಟುತ್ತಿತ್ತು, ಆಟಿ ತಿಂಗಳ ಮಳೆಗೆ ಹೊಲಿಗೆಯ ಸಂದಿನಲ್ಲಿ ಬೂಷ್ಟು ಹಿಡಿಯಿತು.

ಮೂರನೆಯದನ್ನು ಆಚಾರಿಯವರಿಂದ ಮಾಡಿಸಿದೆ. ಹಲಸಿನ ಮರ, ಬೆತ್ತದ ಹೆಣಿಗೆ. ಅವರು ಮೊದಲು ಅಮ್ಮನನ್ನು ಮಂಚದ ಅಂಚಿನಲ್ಲಿ ಕೂರಿಸಿ, ಮಂಡಿಯ ಹಿಂಬದಿಯಿಂದ ನೆಲದವರೆಗೆ ಟೇಪು ಹಿಡಿದರು. ದಿಂಬು ಸೇರಿ ಆಸನದ ಎತ್ತರ 46 ಸೆಂಟಿಮೀಟರ್. ಕುರ್ಚಿಯ ಕೈಗಳು ಆಸನದ ಮುಂದಿನ ಅಂಚಿನವರೆಗೂ ಚಾಚಿವೆ, ತುದಿ ಉರುಟು. ಕಾಲುಗಳಿಗೆ ಜಾರದಂತೆ ರಬ್ಬರ್ ಬುಷ್. ಅಮ್ಮ ಮುಂದಕ್ಕೆ ಜರುಗಿ, ಪಾದಗಳನ್ನು ಕುರ್ಚಿಯಡಿಗೆ ಎಳೆದುಕೊಂಡು, ಆ ಉರುಟು ತುದಿಗಳನ್ನು ಅಂಗೈಯಿಂದ ಒತ್ತಿ, ತಲೆ ಮುಂದೆ ಬಾಗಿಸಿ ಏಳುತ್ತಾಳೆ. ಒಬ್ಬಳೇ! ಕುರ್ಚಿಯನ್ನು ಕೂರುವ ಸುಖಕ್ಕಿಂತ ಮೊದಲು ಏಳುವ ಸಲೀಸಿನಿಂದ ಅಳೆಯಬೇಕೆಂದು ನನಗೆ ಹೊಳೆದದ್ದು ಆಗಲೇ.

ಇದರಲ್ಲೂ ಒಂದು ಕೊರತೆ ಕಂಡಿತು. ಕೆಂಪು ಗಾರೆ ನೆಲ, ಅದರ ಮೇಲೆ ಕಂದು ಕುರ್ಚಿ. ಮುಸ್ಸಂಜೆಯಲ್ಲಿ ಆಸನದ ಅಂಚು ಕಾಣದೆ ಅಮ್ಮ ಕೈಯಿಂದ ತಡವರಿಸುತ್ತಿದ್ದಳು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಬೆಳಕು ಕಡಿಮೆ ಒಳಹೋಗುತ್ತದೆ. ಒಂದಕ್ಕೊಂದು ಹತ್ತಿರದ ಬಣ್ಣಗಳು ಬೇರೆಯಾಗಿ ತೋರುವುದಿಲ್ಲ. ದಿಂಬಿಗೆ ಬಿಳಿ ಬೈರಾಸು ಸುತ್ತಿದ ಮೇಲೆ ತಡವರಿಕೆ ನಿಂತಿತು. ಬೈರಾಸನ್ನು ಒಗೆದು ಒಣಗಿಸುವುದೂ ಸುಲಭ.

ಸೋಫಾವನ್ನು ಆಶ್ರಮದವರು ಹಾಲ್‌ನಲ್ಲಿ ಇಟ್ಟುಕೊಂಡಿದ್ದಾರೆ, ನೋಡಲು ಬಂದವರು ಕೂರುತ್ತಾರೆ. ಈಗ ಸಂಜೆ ಹೋದರೆ ಚೊಂಬು ಖಾಲಿಯಾಗಿರುತ್ತದೆ.