ಗೋಲ್ಡ್‌ಫಿಶ್ ಬೌಲ್ ಸೆಟ್ ತಗೊಳ್ಳುವ ಮೊದಲು ಇದನ್ನು ಓದಿ

ಗಾಜಿನ ಬೌಲು, ತಳಕ್ಕೆ ಬಣ್ಣದ ಕಲ್ಲು, ಒಂದು ಪ್ಲಾಸ್ಟಿಕ್ ಗಿಡ, ಒಂದು ಡಬ್ಬಿ ಆಹಾರ, ಎರಡು ಗೋಲ್ಡ್‌ಫಿಶ್. ಎಲ್ಲ ಸೇರಿ ಒಂದು ಸೆಟ್. ಮಕ್ಕಳ ಹುಟ್ಟುಹಬ್ಬಕ್ಕೆ ಇದನ್ನು ಕೊಡೋಣ ಅಂತ ಯೋಚನೆ ಮಾಡುತ್ತಿದ್ದರೆ ದಯವಿಟ್ಟು ಬೇಡ. ನಮ್ಮ ಅಕ್ಕನ ಮನೆಯಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಬೆಂಗಳೂರಿನ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಅಕ್ಕ ತನ್ನ ಮಗಳಿಗೆ ಅಂತ ಈ ಸೆಟ್ ತಗೊಂಡಳು. ಕೇಳಬೇಕಾದ್ದನ್ನೆಲ್ಲ ಕೇಳಿಯೇ ತಗೊಂಡಿದ್ದಳು. ಫಿಲ್ಟರ್ ಬೇಡವಾ ಅಂದರೆ ಬೇಡ ಅಂದರಂತೆ. ಇಷ್ಟು ಜಾಗ ಸಾಕಾ ಅಂದರೆ, "ಸಾಕು ಮೇಡಂ, ಬೌಲ್ ಎಷ್ಟಿರುತ್ತೋ ಮೀನೂ ಅಷ್ಟೇ ಬೆಳೆಯುತ್ತೆ. ಎರಡು ದಿನಕ್ಕೊಮ್ಮೆ ಪೂರ್ತಿ ನೀರು ಚೆಲ್ಲಿ ಹೊಸ ನೀರು ಹಾಕಿ, ಅಷ್ಟೇ" ಅಂದರಂತೆ. ಅಂಗಡಿಯವರೇ ಹೀಗೆ ಹೇಳಿದರೆ ಯಾರು ತಾನೇ ನಂಬುವುದಿಲ್ಲ?

ವಾರ ಕಳೆಯುವುದರೊಳಗೆ ಎರಡೂ ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿದವು. ಹಸಿವಾಗಿದೆ ಅಂದುಕೊಂಡ ಮಗು ಇನ್ನಷ್ಟು ಕಾಳು ಹಾಕಿತು. ಅಂಗಡಿಗೆ ಫೋನ್ ಮಾಡಿದರೆ, ನೀರು ಬದಲಾಯಿಸಿ, ನೀಲಿ ಔಷಧಿ ಬಂದು ತಗೊಂಡು ಹೋಗಿ ಅಂದರು. ಅದನ್ನೂ ಹಾಕಿದರು. ಬೆಳಗಾಗುವಷ್ಟರಲ್ಲಿ ಒಂದು ಸತ್ತಿತ್ತು.

ಅಕ್ಕ ಕರೆದಳು ಅಂತ ನಾನು ಹೋದೆ. ಮನೆಯಲ್ಲಿ ತುಂಬಾ ವರ್ಷಗಳಿಂದ ಮೀನು ಸಾಕುತ್ತಿರುವುದರಿಂದ ನೀರು ಪರೀಕ್ಷೆ ಮಾಡುವ ಕಿಟ್ ಇತ್ತು, ಅದನ್ನೂ ತಗೊಂಡು ಹೋದೆ. ಉಳಿದ ಮೀನು ಕಲ್ಲಿನ ಮೇಲೆ ಕೂತುಬಿಟ್ಟಿತ್ತು. ಬೆನ್ನಿನ ರೆಕ್ಕೆ ಮಡಚಿಕೊಂಡು ಮೈಗೆ ಅಂಟಿತ್ತು. ಬಾಲದಲ್ಲಿ ದಾರದಷ್ಟು ಸಣ್ಣ ಕೆಂಪು ಗೆರೆಗಳು. ಗಾಜಿನ ಕೊಳವೆಯಲ್ಲಿ ಸ್ವಲ್ಪ ನೀರು ಹಿಡಿದು ಅಮೋನಿಯಾ ಪರೀಕ್ಷೆಯ ಹನಿ ಬಿಟ್ಟೆ. ನೀರು ಚೆನ್ನಾಗಿದ್ದರೆ ಹಳದಿ ಬಣ್ಣವೇ ಉಳಿಯಬೇಕು. ನೋಡುನೋಡುತ್ತಿದ್ದಂತೆ ಗಾಢ ಹಸಿರಾಯಿತು.

ಮೀನನ್ನು ಕೊಂದಿದ್ದು ಇದೇ ಅಮೋನಿಯಾ. ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತಲೇ ಇರುತ್ತದೆ. ಹೇಲು, ಉಳಿದ ಆಹಾರ ಕೊಳೆತರೂ ಅದೇ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತಿರುತ್ತದೆ, ಆದರೆ ಕಿವಿರು ಸುಡುತ್ತಿರುತ್ತದೆ. ಉಸಿರು ಸಿಗದೆ ಮೀನು ಮೇಲೆ ಬರುತ್ತದೆ. ಕೆರೆಯಲ್ಲಾದರೆ ನೀರು ಜಾಸ್ತಿ, ಜೊತೆಗೆ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ. ಟ್ಯಾಂಕಿನಲ್ಲಿ ಅವು ಮುಖ್ಯವಾಗಿ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಫಿಲ್ಟರೇ ಇಲ್ಲದ, ಮೂರು ನಾಲ್ಕು ಲೀಟರ್ ಹಿಡಿಯುವ ಬೌಲಿನಲ್ಲಿ ಅವು ಎಲ್ಲಿ ನಿಲ್ಲಬೇಕು?

ಇನ್ನು "ಪೂರ್ತಿ ನೀರು ಚೆಲ್ಲಿ" ಅನ್ನುವ ಸಲಹೆ. ಕೇಳಲು ಸ್ವಚ್ಛತೆಯ ಮಾತು ಅನ್ನಿಸುತ್ತದೆ, ಅಲ್ವಾ? ನಲ್ಲಿಯಲ್ಲಿ ನೇರವಾಗಿ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮಗೆ ಅದು ಸುರಕ್ಷಿತ, ಆದರೆ ಮೀನಿನ ಕಿವಿರಿಗೆ ವಿಷ. ಅದೂ ಅಲ್ಲದೆ ನಮ್ಮ ಊರಿನಲ್ಲಿ ಎಷ್ಟೋ ಮನೆಗಳ ಸಂಪಿನಲ್ಲಿ ಇವತ್ತು ಕಾವೇರಿ, ನಾಳೆ ಬೋರ್ ನೀರು. ಅದೇ ನಲ್ಲಿ, ಆದರೆ ಗಡಸುತನ ಬೇರೆ, ಬಿಸಿ ತಂಪು ಬೇರೆ. ಎರಡು ದಿನಕ್ಕೊಮ್ಮೆ ಮೀನನ್ನು ಹೀಗೆ ಒಂದು ನೀರಿನಿಂದ ಇನ್ನೊಂದಕ್ಕೆ ಹಾಕುತ್ತಿದ್ದರೆ ಅದಕ್ಕೆ ನೆಮ್ಮದಿ ಎಲ್ಲಿಂದ ಬರಬೇಕು? ನೀಲಿ ಔಷಧಿ ಅಂತ ಕೊಡುವುದು ಮೆಥಿಲೀನ್ ಬ್ಲೂ. ಫಂಗಸ್‌ನಂಥ ಕೆಲವು ತೊಂದರೆಗಳಿಗೆ ಅದು ಸರಿ. ಆದರೆ ನೀರಿನಲ್ಲಿರುವ ಅಮೋನಿಯಾವನ್ನು ಅದು ತೆಗೆಯುವುದಿಲ್ಲ. ಫಿಲ್ಟರ್ ಇದ್ದರೆ ಅಲ್ಲಿರುವ ಒಳ್ಳೆ ಬ್ಯಾಕ್ಟೀರಿಯಾಗೂ ಪೆಟ್ಟು.

ಎರಡನೇ ಮೀನನ್ನು ದೊಡ್ಡ ಟಬ್ಬಿಗೆ ಹಾಕಿ ಏರ್ ಪಂಪ್ ಇಟ್ಟೆವು. ತಡವಾಗಿತ್ತು, ಉಳಿಯಲಿಲ್ಲ. ಮಗು ಅತ್ತಿದ್ದು ಒಂದು ಕಡೆ. "ನಾನು ಜಾಸ್ತಿ ಊಟ ಹಾಕಿದ್ದಕ್ಕೇ ಸತ್ತೋಯ್ತಾ ಮಾಮ?" ಅಂತ ಕೇಳಿತಲ್ಲ, ಅದು ನನಗೆ ಇನ್ನೂ ಜಾಸ್ತಿ ಸಂಕಟವಾಯಿತು. ಮಾರಿದವರಿಗೆ ಗೊತ್ತಿದ್ದ ವಿಷಯಕ್ಕೆ ಎಂಟು ವರ್ಷದ ಮಗು ತನ್ನನ್ನು ತಾನೇ ಬೈದುಕೊಳ್ಳುವ ಹಾಗಾಯಿತು.

ಗೋಲ್ಡ್‌ಫಿಶ್ ಬೇಗ ಸಾಯುವ ಮೀನು ಅಂತ ಎಷ್ಟೋ ಜನ ನಂಬಿದ್ದಾರೆ. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬದುಕುತ್ತದೆ. ಇಂಗ್ಲೆಂಡಿನಲ್ಲಿ ಟಿಶ್ ಅನ್ನುವ ಗೋಲ್ಡ್‌ಫಿಶ್ 43 ವರ್ಷ ಬದುಕಿ 1999ರಲ್ಲಿ ಸತ್ತಿತು. ಇಟಲಿಯ ರೋಮ್ ನಗರದಲ್ಲಿ ದುಂಡು ಬೌಲಿನಲ್ಲಿ ಮೀನು ಇಡುವುದನ್ನೇ 2005ರಲ್ಲಿ ನಿಷೇಧಿಸಿದರು. ಬೌಲಿನಷ್ಟೇ ಬೆಳೆಯುತ್ತದೆ ಅನ್ನುವುದೂ ಮೋಸದ ಮಾತು. ಕೆಟ್ಟ ನೀರಿನಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ, ಅದನ್ನೇ ಇವರು ಗುಣ ಅಂತ ಮಾರುತ್ತಾರೆ. ದುಂಡು ಮೈಯ ಜಾತಿಗಳೇ ಆರು ಎಂಟು ಇಂಚು ಆಗುತ್ತವೆ, ಉದ್ದ ಮೈಯವು ಒಂದು ಅಡಿ ದಾಟುವುದೂ ಉಂಟು.

ಸಾಕಲೇಬೇಕು ಅಂತಿದ್ದರೆ ದುಂಡು ಮೈಯ ಎರಡು ಮೀನಿಗೆ ನೂರು ಲೀಟರಿಗಿಂತ ಕಡಿಮೆ ಟ್ಯಾಂಕ್ ಬೇಡ. ಒಳ್ಳೆ ಫಿಲ್ಟರ್ ಹಾಕಿ, ಅದರಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿದ ಮೇಲೆ ಮೀನು ತನ್ನಿ. ಹೀಟರ್ ಬೇಕಿಲ್ಲ, ಇದು ತಂಪು ನೀರಿನ ಮೀನು. ಗಾಜು ಕ್ಲೀನ್ ಮಾಡುತ್ತೆ ಅಂತ ಜೊತೆಗೆ ಸಕ್ಕರ್ ಫಿಶ್ ಕೊಡಲು ಬಂದರೆ ಬೇಡ ಅನ್ನಿ. ಅದು ಗೋಲ್ಡ್‌ಫಿಶ್‌ನ ಮೈಗೇ ಅಂಟಿಕೊಂಡು ಲೋಳೆ ಕೆರೆದು ತಿನ್ನುವುದುಂಟು.

ಈಗಾಗಲೇ ಮನೆಯಲ್ಲಿ ಬೌಲು ಇದ್ದು ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಇವತ್ತೇ ಇಷ್ಟು ಮಾಡಿ. ಆಹಾರ ನಿಲ್ಲಿಸಿ. ಒಂದೆರಡು ದಿನ ತಿನ್ನದಿದ್ದರೆ ಏನೂ ಆಗುವುದಿಲ್ಲ. ಸೋಪು ಮುಟ್ಟಿಸದ ದೊಡ್ಡ ಟಬ್ಬಿನಲ್ಲಿ ಆಂಟಿ ಕ್ಲೋರಿನ್ (ನೀರಿನ ಕ್ಲೋರಿನ್ ತೆಗೆಯುವ ದ್ರಾವಣ) ಬೆರೆಸಿದ ನೀರು ಇಟ್ಟು, ಬೌಲಿನ ನೀರಿನಷ್ಟೇ ತಂಪಿದೆಯಾ ಅಂತ ನೋಡಿ. ಬೌಲಿಗೆ ಆ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಬಂದು, ಆಮೇಲೆ ಮೀನನ್ನು ಮಾತ್ರ ಟಬ್ಬಿಗೆ ಬಿಟ್ಟು ಏರ್ ಪಂಪ್ ಹಚ್ಚಿ. ದೊಡ್ಡ ಟ್ಯಾಂಕ್ ಸಿದ್ಧವಾಗುವ ತನಕ ದಿನಾ ಟಬ್ಬಿನ ಕಾಲು ಭಾಗ ನೀರು ಬದಲಾಯಿಸುತ್ತಿರಿ.