ಆಮೆ ವೇಷ, ಟೆರ್ರಿ, ರ್ಯೂ ಫಿಗರ್: ದುಡ್ಡು ಯಾವುದಕ್ಕೆ ಹಾಕಬೇಕು?

ಸ್ಟ್ರೀಟ್ ಫೈಟರ್ 6 ಅನ್ನೋ ಹೊಡೆದಾಟದ ವಿಡಿಯೋ ಗೇಮ್ ಆಡೋ ಶಿವಮೊಗ್ಗದ ಹುಡುಗರು ಪದೇ ಪದೇ ಕೇಳೋ ಪ್ರಶ್ನೆ ಇದು. ಆಟದೊಳಗೆ ಹಾಕ್ಕೊಳ್ಳೋ ಆಮೆ ವೇಷ, ಟೆರ್ರಿ ಅನ್ನೋ ಫೈಟರ್, ಮನೇಲಿ ನಿಲ್ಲಿಸೋ ರ್ಯೂ ಬೊಂಬೆ, ಮೂರನ್ನೂ ಕೊಂಡು ಬಳಸಿದ್ದೀನಿ, ನೇರವಾಗಿ ಹೇಳ್ತೀನಿ: ಮೊದಲು ಟೆರ್ರಿ, ಆಮೇಲೆ ಫಿಗರ್. ಆಮೆ ವೇಷ ಬೇಡ.

2023ರ ಆಗಸ್ಟ್‌ನಲ್ಲಿ ಈ ಆಟ ಮಾಡಿದ ಕ್ಯಾಪ್‌ಕಾಮ್ ಕಂಪನಿ ನಿಂಜಾ ಟರ್ಟಲ್ಸ್ ಕಾರ್ಟೂನ್ ಜೊತೆ ಕೈಜೋಡಿಸಿದಾಗ ಒಂದೊಂದು ಆಮೆಯ ವೇಷಕ್ಕೂ 750 ಫೈಟರ್ ಕಾಯಿನ್ (ದುಡ್ಡು ಕೊಟ್ಟು ಕೊಳ್ಳೋ ಆಟದ ನಾಣ್ಯ) ಇಟ್ಟಿತ್ತು. ಆ ವೇಷ ಆಟದ ಫೈಟರ್‌ಗಳಾದ ರ್ಯೂಗೂ ಆಗಲ್ಲ, ಕೆನ್‌ಗೂ ಆಗಲ್ಲ; ನಾವು ಮಾಡ್ಕೊಂಡ ಅವತಾರಕ್ಕೆ ಮಾತ್ರ. ಹೊಸ ಪಟ್ಟು ಒಂದೂ ಬರಲ್ಲ. ಹಾಕ್ಕೊಂಡಿದ್ದನ್ನ ನಾಲ್ಕು ಜನ ನೋಡೋದು ಆಟಗಾರರೆಲ್ಲ ಆನ್‌ಲೈನ್‌ನಲ್ಲಿ ಸೇರೋ ಬ್ಯಾಟಲ್ ಹಬ್‌ನಲ್ಲಿ, ಅದಕ್ಕೆ ನೆಟ್ ಬೇಕು. ಆಷಾಢದ ಜಡಿಮಳೆಗೆ ನಮ್ಮ ಕಡೆ ಮೊದಲು ಕೈಕೊಡೋದೇ ನೆಟ್.

ಅದೇ ಕಾಯಿನ್ ಲೆಕ್ಕದಲ್ಲಿ ಟೆರ್ರಿ ಬೊಗಾರ್ಡ್ ಬೆಲೆ 350. ಒಂದು ವೇಷದ ದುಡ್ಡಿಗೆ ಇಬ್ಬರು ಫೈಟರ್‌ಗಳು ಬಂದು ಇನ್ನೂ 50 ಉಳಿಯುತ್ತೆ! 1991ರ ಫೇಟಲ್ ಫ್ಯೂರಿ ಆಟದ ನಾಯಕ ಅವನು, ಕ್ಯಾಪ್‌ಕಾಮ್‌ಗೆ ಬಹುಕಾಲ ಎದುರಾಳಿಯಾಗಿದ್ದ ಎಸ್‌ಎನ್‌ಕೆ ಕಂಪನಿಯವನು. 2024ರ ಸೆಪ್ಟೆಂಬರ್‌ನಲ್ಲಿ ಸ್ಟ್ರೀಟ್ ಫೈಟರ್‌ಗೆ ಕಾಲಿಟ್ಟ. ಆಮೆ ವೇಷದ ಹಾಗೆ ಇದೂ ಪ್ರಚಾರವೇ ಸರಿ. ಎಸ್‌ಎನ್‌ಕೆಯ ಹೊಸ ಆಟ ಸಿಟಿ ಆಫ್ ದಿ ವುಲ್ವ್ಸ್ 2025ರ ಏಪ್ರಿಲ್‌ನಲ್ಲಿ ಬಂತು, ಅದಕ್ಕೆ ಸ್ಟ್ರೀಟ್ ಫೈಟರ್‌ನ ಕೆನ್, ಚುನ್-ಲೀ ಅತಿಥಿಗಳಾಗಿ ಹೋದ್ರು. ಆದ್ರೆ ಈ ಪ್ರಚಾರ ಆಟದ ಒಳಗೇ ಕೈ ಹಾಕಿದೆ. ನೆಲಕ್ಕಂಟಿಕೊಂಡು ಬರೋ ಟೆರ್ರಿಯ ಪವರ್ ವೇವ್ ಅನ್ನೋ ಹೊಡೆತನ ಯಾವಾಗ ಹಾರಿ ದಾಟಬೇಕು ಅಂತ ನಾನೂ ತಮ್ಮನೂ ಹೊಸದಾಗಿ ಕಲೀಬೇಕಾಯ್ತು; ಲೆಕ್ಕ ತಪ್ಪಿ ಹಾರಿದ್ರೆ ಗಾಳಿಯಲ್ಲೇ ಅವನ ರೈಸಿಂಗ್ ಟ್ಯಾಕಲ್ ಏಟು ಬೀಳುತ್ತೆ. ಪಕ್ಕ ಪಕ್ಕ ಕೂತು ನೆಟ್ ಇಲ್ಲದೆಯೂ ಆಡಬಹುದು. ನಿಮ್ಮ ಹತ್ರ ಫೈಟರ್‌ನ ಬಾಡಿಗೆಗೆ ತಗೊಳ್ಳೋ ರೆಂಟಲ್ ಟಿಕೆಟ್ ಇದ್ರೆ ಕೊಳ್ಳೋಕೆ ಮುಂಚೆ ಒಂದು ಗಂಟೆ ಆಡಿ ನೋಡಿ.



ಇನ್ನು ಜಾಡಾ ಟಾಯ್ಸ್‌ನ 6 ಇಂಚಿನ ರ್ಯೂ. ಬದಲಾಯಿಸೋಕೆ ಬೇರೆ ಕೈಗಳು, ಜೊತೆಗೆ ಒಂದು ಹಡೂಕೆನ್ (ರ್ಯೂ ಅಂಗೈಯಿಂದ ಎಸೆಯೋ ಶಕ್ತಿಯ ಉಂಡೆ). ಮೊಣಕಾಲು ಬಗ್ಗಿಸಿ, ಎರಡೂ ಅಂಗೈ ಮುಂದೆ ಚಾಚಿಸಿ ನಿಲ್ಲಿಸಿದ್ರೆ ಆಟದಲ್ಲಿರೋ ಭಂಗಿಯೇ ಬರುತ್ತೆ; ಮನೆಗೆ ಬಂದೋರೆಲ್ಲ ಒಂದ್ಸಲ ಕೈಗೆತ್ತಿಕೊಂಡು ನೋಡ್ತಾರೆ. ಬಾಕ್ಸ್ ಬಿಚ್ಚದೆ ಜೋಪಾನ ಮಾಡೋ ಆಸೆ ಮಾತ್ರ ಮಲೆನಾಡಲ್ಲಿ ಕಷ್ಟ. ರಟ್ಟಿಗೆ ಬೂಷ್ಟು ಹಿಡಿಯುತ್ತೆ, ಅದರ ವಾಸನೆ ಹೋಗಲ್ಲ. ಬಿಚ್ಚಿ, ನಿಲ್ಲಿಸಿ, ಆಗಾಗ ಒಣಬಟ್ಟೆಯಲ್ಲಿ ಒರೆಸ್ತಾ ಇರಿ.